ಎರೆಮಣ್ಣಿನ ಪಾಠ

ಜ್ಯೇಷ್ಠದ ಅಮಾವಾಸ್ಯೆ ಸಮೀಪಿಸಿತೆಂದರೆ ವಿಜಯಪುರದ ಬಜಾರಕ್ಕೆ ಬುಟ್ಟಿಗಟ್ಟಲೆ ಎತ್ತುಗಳು ಬಂದಿಳಿಯುತ್ತವೆ. ಎಲ್ಲವೂ ಮಣ್ಣಿನವು, ಎಲ್ಲವೂ ಜೋಡಿ. ಒಂಟಿ ಎತ್ತನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿ ಮಕ್ಕಳು ಕೊಂಡ ಎತ್ತಿಗಷ್ಟೇ ತೃಪ್ತರಾಗದೆ ತಾವೇ ಮಾಡಲು ಕೂರುತ್ತಾರೆ. ಈ ಸೀಮೆಯಲ್ಲಿ ಮಗುವಿನ ಕೈಗೆ ಸಿಗುವ ಮೊದಲ ಕಲಾಪಾಠ ಇದೇ.

ಪಾಠ ಸುಲಭದ್ದಲ್ಲ. ಡೋಣಿ ನದಿ ಸಾಲಿನ ಎರೆಮಣ್ಣು ಹಸಿಯಿದ್ದಾಗ ಬೆಣ್ಣೆಯಂತೆ ಬಾಗುತ್ತದೆ, ಒಣಗಿದರೆ ಸೀಳುತ್ತದೆ. ಹಿಡಿ ಹತ್ತಿ ಸೇರಿಸಿ ಮಣ್ಣನ್ನು ಕುಟ್ಟಿ ಕುಟ್ಟಿ ಹದ ಮಾಡಬೇಕು. ಮೊದಲು ಹೊಟ್ಟೆ, ಆಮೇಲೆ ನಾಲ್ಕು ಕಾಲು. ಹೆಬ್ಬೆರಳು ತೋರುಬೆರಳಿನ ನಡುವೆ ಬೆನ್ನನ್ನು ಚಿವುಟಿ ಮೇಲೆತ್ತಿದರೆ ಹಿಣಿಲು ಮೂಡುತ್ತದೆ. ಕೊಂಬು ಕೊನೆಗೆ. ಎಡಗೊಂಬು ಬಲಗೊಂಬಿಗೆ ಸರಿ ಬರಲಿಲ್ಲವೆಂದು ಮಗು ಮೂರು ಸಲ ಕಿತ್ತು ಮೂರು ಸಲ ಹಚ್ಚುತ್ತದೆ. ಪಕ್ಕದಲ್ಲಿ ಕುಳಿತ ಆಯಿ ಏನೂ ಹೇಳುವುದಿಲ್ಲ, ತನ್ನ ಪಾಡಿಗೆ ಎತ್ತಿನ ಮೇವಿನ ಗ್ವಾದಲಿ ಮಾಡುತ್ತಿರುತ್ತಾಳೆ. ಮಗು ಓರೆಗಣ್ಣಿನಿಂದ ಅವಳ ಬೆರಳು ನೋಡಿ ಕಲಿಯುತ್ತದೆ.

ಅಮಾವಾಸ್ಯೆ ಮುಗಿದ ಮೇಲೂ ಮಣ್ಣು ಕೈಬಿಡುವುದಿಲ್ಲ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ ಕಾಳು ಒತ್ತಿ ಸಿಂಗರಿಸಿ ಹಾಡುತ್ತಾರೆ. ಶ್ರಾವಣದಲ್ಲಿ ಪಂಚಮಿಯ ಜೋಕಾಲಿ, ಭಾದ್ರಪದದಲ್ಲಿ ಬುಟ್ಟಿಯೊಳಗೆ ಕುಳಿತು ಓಣಿ ಓಣಿ ತಿರುಗುವ ಜೋಕುಮಾರ, ಚಳಿಗಾಲಕ್ಕೆ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ, ಎಳ್ಳಮಾವಾಸ್ಯೆಯ ಚರಗ. ಮೊಹರಂ ಬಂತೆಂದರೆ ಹಿಂದೂ ಮುಸ್ಲಿಂ ಎನ್ನದೆ ಹುಡುಗರು ಹೆಜ್ಜೆಮೇಳಕ್ಕೆ ಸೇರುತ್ತಾರೆ. ರಿವಾಯತ ಪದದ ಓಟಕ್ಕೆ ಕಾಲು ತಾನಾಗಿ ಹೊಂದಿಕೊಳ್ಳುತ್ತದೆ. ಇಡೀ ವರ್ಷದ ಪಠ್ಯಕ್ರಮ ಪಂಚಾಂಗದಲ್ಲೇ ಇದೆ.

ಶಾಲೆಯೊಳಗೆ ಮಾತ್ರ ಜನಪದ ಕಲೆ ಬೇರೆಯದೇ ವೇಷದಲ್ಲಿ ಬರುತ್ತದೆ. ಪ್ರತಿಭಾ ಕಾರಂಜಿಯ ದಿನ ಗೊತ್ತಾದ ಮೇಲೆ ಬಾಡಿಗೆಯ ಇಳಕಲ್ ಸೀರೆ, ಮೊಬೈಲಿನಲ್ಲಿ ಧ್ವನಿಮುದ್ರಿತ ಹಾಡು, ಎಂಟು ಮಕ್ಕಳ ತಂಡ. ಉಳಿದವರು ಚಪ್ಪಾಳೆ ತಟ್ಟುವವರು. ಸ್ಪರ್ಧೆ ಬೇಡವೆಂದಲ್ಲ, ವೇದಿಕೆ ಹತ್ತಿದ ಮಗುವಿಗೆ ಧೈರ್ಯ ಬರುತ್ತದೆ. ಆದರೆ ಬಹುಮಾನದ ಮರುದಿನ ಸೀರೆಯ ಜೊತೆಗೆ ಹಾಡೂ ವಾಪಸು ಹೋಗುತ್ತದೆ. ಇದನ್ನು ಕಲಿಕೆ ಎನ್ನಲಾಗದು.

ಇದೇ ಸಂಕಟವನ್ನು ಉಂಡು ದಾರಿ ಕಂಡುಕೊಂಡ ದೇಶ ಹಂಗೇರಿ. ಬೇಲಾ ಬಾರ್ತೋಕ್, ಜೋಲ್ತಾನ್ ಕೊದಾಯ್ ಎಂಬ ಇಬ್ಬರು ಸಂಗೀತಗಾರರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ತಿರುಗಿದರು. 1906ರಲ್ಲಿ ಅವರು ಸಂಗ್ರಹಿಸಿದ ಹಾಡುಗಳ ಮೊದಲ ಪುಸ್ತಕ ಬಂತು. ಕೊದಾಯ್ ಅಷ್ಟಕ್ಕೇ ನಿಲ್ಲಲಿಲ್ಲ. ಮಗುವಿನ ಸಂಗೀತಪಾಠ ಅದರ ತಾಯ್ನುಡಿಯ ಜನಪದ ಹಾಡಿನಿಂದಲೇ ಶುರುವಾಗಬೇಕೆಂದು ಹಟ ಹಿಡಿದರು. 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇತ್‌ನಲ್ಲಿ ದಿನವೂ ಹಾಡುವ ಪ್ರಾಥಮಿಕ ಶಾಲೆ ತೆರೆಯಿತು. 1972ರಲ್ಲಿ ಬುಡಾಪೆಸ್ಟಿನ ಯುವಕರು 'ತಾಂತ್ಸ್‌ಹಾಜ್', ಅಂದರೆ ಕುಣಿತದ ಮನೆ, ಆರಂಭಿಸಿದರು. ಅಲ್ಲಿ ಪ್ರೇಕ್ಷಕರಿಲ್ಲ, ಬಂದವರೆಲ್ಲ ಕುಣಿಯಬೇಕು, ವಾದ್ಯ ಎದುರಿಗೇ ನುಡಿಯಬೇಕು. ಚಿಕ್ಕ ಮಕ್ಕಳಿಗೆ ಪ್ರತ್ಯೇಕ ಹೊತ್ತು, ಜೊತೆಗೆ ಕೈಕಸುಬಿನ ಪಾಠವೂ ಸೇರಿಕೊಂಡಿತು. 2011ರಲ್ಲಿ ಯುನೆಸ್ಕೊ ಈ ಕ್ರಮವನ್ನು ಪರಂಪರೆ ಕಾಪಾಡುವ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು.

ವಿಜಯಪುರ ಜಿಲ್ಲೆಗೆ ಈ ಕಥೆಯ ಮೊದಲರ್ಧ ಚೆನ್ನಾಗಿ ಗೊತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ತಂದರು. ಲಾವಣಿಗಳ 'ಜೀವನ ಸಂಗೀತ', ಆಮೇಲೆ 'ಮಲ್ಲಿಗೆ ದಂಡೆ' ಹಿಂಬಾಲಿಸಿದವು. ಲಿಂಗಣ್ಣನವರು ವೃತ್ತಿಯಿಂದ ಶಾಲಾ ಮಾಸ್ತರರು ಎಂಬುದನ್ನು ಇಲ್ಲಿ ನೆನೆಯಲೇಬೇಕು. ಸಂಗ್ರಹದ ಕೆಲಸದಲ್ಲಿ ನಾವು ಯಾರಿಗೂ ಕಡಿಮೆಯಾಗಲಿಲ್ಲ. ಹಾಡನ್ನು ತರಗತಿಯ ಬಾಯಿಗೆ ತರುವ ಎರಡನೇ ಅರ್ಧದಲ್ಲಿ ಸೋತಿದ್ದೇವೆ.

ತ್ರಿಪದಿಯನ್ನೇ ನೋಡಿ. ಪಠ್ಯದಲ್ಲಿ ಅದು ಮೂರು ಸಾಲು, ಕೆಳಗೆ ಪದಗಳ ಅರ್ಥ, ನಾಲ್ಕು ಪ್ರಶ್ನೆ. ಹಾಡುವಾಗ ಎರಡನೇ ಸಾಲು ಮರಳಿ ಬರುತ್ತದೆ, ಮೂರಿದ್ದದ್ದು ನಾಲ್ಕಾಗುತ್ತದೆ. ಆ ಮರಳುವಿಕೆ ಯಾಕೆಂದು ಕರಿಹಲಗೆಯ ಮೇಲೆ ಎಷ್ಟು ಬಿಡಿಸಿ ಹೇಳಿದರೂ ಹತ್ತುವುದಿಲ್ಲ. ಬೀಸುವ ಕಲ್ಲೊಂದನ್ನು ತರಗತಿಗೆ ತಂದು, ಎದುರುಬದುರು ಇಬ್ಬರನ್ನು ಕೂರಿಸಿ, ಹಿಡಿ ಹಿಡಿ ಜೋಳ ಹಾಕಿಸಿ. ಹುಡುಗರನ್ನೂ ಕೂರಿಸಿ. ಗೂಟ ಹಿಡಿದ ಕೈ ಒಂದು ಸುತ್ತು ಬಂದಾಗ ಸಾಲು ಎಲ್ಲಿ ತಿರುಗಬೇಕೆಂದು ತೋಳಿಗೇ ತಿಳಿಯುತ್ತದೆ. ಒಕ್ಕಣೆಯಲ್ಲಿ ಹಾಡುತ್ತಿದ್ದ ಹಂತಿಯ ಪದಕ್ಕೆ ಈಗ ಕಣವಿಲ್ಲ, ಮೇಟಿಯಿಲ್ಲ, ರಾಶಿ ಯಂತ್ರದ್ದು. ಕಲ್ಲು ಮಾತ್ರ ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿದೆ.

ಮೊದಲು ಕಲಿಯಬೇಕಾದವರು ಶಿಕ್ಷಕರು. ಕೊದಾಯ್ ಕ್ರಮ ನಿಂತಿರುವುದೇ ತರಬೇತಿ ಪಡೆದ ಶಿಕ್ಷಕರ ಮೇಲೆ. ನಮ್ಮಲ್ಲಿ ವ್ಯವಸ್ಥೆಗೆ ಬರವಿಲ್ಲ. ಜಿಲ್ಲೆಗೆ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ, ವಿಜಯಪುರದ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದಿತು. ನೀತಿ ಯಾವ ಸರ್ಕಾರದ್ದಾದರೇನು, ಈ ಒಂದು ಮಾತು ಒಳ್ಳೆಯದು. ಕೌದಿ ಹೊಲಿಯುವ ಅಮ್ಮ, ಲಂಬಾಣಿ ತಾಂಡಾದಲ್ಲಿ ಕನ್ನಡಿ ಕಸೂತಿ ಹಾಕುವ ಯಾಡಿ, ಕರಡಿ ಮಜಲಿನ ಕಾಕಾ ತರಬೇತಿ ಶಿಬಿರಕ್ಕೆ ಅತಿಥಿಯಾಗಿ ಶಾಲು ಹೊದ್ದು ಹೋಗಬಾರದು. ಗುರುವಾಗಿ ಬಂದು ಗೌರವಧನ ಪಡೆದು ಹೋಗಬೇಕು.

ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ತಿಕೋಟಾ, ಬಬಲೇಶ್ವರ ಮತ್ತು ನಗರದ ಮುಖ್ಯೋಪಾಧ್ಯಾಯರಲ್ಲಿ ಒಂದು ಕೇಳಿಕೆ. ಊರಿನ ಕುಂಬಾರರನ್ನು ಅರ್ಧ ದಿನ ಶಾಲೆಗೆ ಕರೆಯಿರಿ, ಅವರ ದಿನದ ಕೂಲಿಯನ್ನು ಮೊದಲೇ ಕೈಗಿಡಿ. ಒಂದು ತಾಡಪತ್ರಿ ಹಾಸಿದರೆ ಸಾಕು. ಮಕ್ಕಳ ಸಾಲಿನಲ್ಲೇ ಸರ್, ಮೇಡಂ ಎಲ್ಲರೂ ಕುಳಿತು ಒಂದು ಜೋಡಿ ಎತ್ತು ಮಾಡಲಿ.