ಚರಂಡಿಗೆ ಬೆನ್ನು ಹಾಕಿದ ಕಟ್ಟಡ

ಬೆಂಗಳೂರಿನ ದೊಮ್ಮಲೂರಿನಲ್ಲಿ ಇಂಧನ ಮತ್ತು ಪರಿಸರ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ ಕಚೇರಿ ಎದ್ದಿರುವುದು ತೊಡಕಿನ ನಿವೇಶನದಲ್ಲಿ. ದಕ್ಷಿಣಕ್ಕೆ ತೆರೆದ ಚರಂಡಿ. ಗಾಳಿ ಬೀಸುವುದೂ ಅದೇ ಕಡೆಯಿಂದ. ಕಿಟಕಿ ಇಟ್ಟರೆ ನಾತ, ಮುಚ್ಚಿದರೆ ಸೆಕೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ಆ ದಿಕ್ಕಿಗೆ ಕಿಟಕಿಯಿಲ್ಲದ ಜೋಡಿ ಗೋಡೆ ಎಬ್ಬಿಸಿ, ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ. ಸಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಆ ತೆರವು ತುಂಬಲು ಉತ್ತರದ ಕಡೆಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಫ್ಯಾನಿನ ಕೆಲಸವನ್ನು ಗೋಡೆಯೇ ಮಾಡುತ್ತದೆ. ಹಸಿರು ಕಟ್ಟಡ ಎಂದರೆ ನನ್ನ ಲೆಕ್ಕದಲ್ಲಿ ಇದು.

ಹೊರವರ್ತುಲ ರಸ್ತೆಯ ಗಾಜಿನ ಗೋಪುರಗಳದು ಬೇರೆ ಕಥೆ. ಮೈತುಂಬ ಬಿಸಿಲು ಕುಡಿದು, ಅದನ್ನು ಹೊರಹಾಕಲು ದಿನವಿಡೀ ಎ.ಸಿ. ಓಡಿಸುವ ಕಟ್ಟಡದ ಬಾಗಿಲಲ್ಲೂ ‘ಗ್ರೀನ್’ ಫಲಕ ಸಿಗುತ್ತದೆ. ಹಸಿರು ಕಟ್ಟಡಗಳ ಪ್ಲಾಟಿನಂ ದರ್ಜೆ ಪಡೆದ, ಭಾರತೀಯ ಕೈಗಾರಿಕಾ ಒಕ್ಕೂಟದ (ಸಿಐಐ) ಹೈದರಾಬಾದ್ ಕಟ್ಟಡ 2004ರಲ್ಲಿ ಉದ್ಘಾಟನೆಗೊಂಡ ಮೇಲೆ ಇಂಥ ಫಲಕಗಳಿಗೆ ಬೇಡಿಕೆ ಕುದುರಿತು. ಕೊಳಚೆ ನೀರಿನ ಮರುಬಳಕೆಯಂಥ ಒಳ್ಳೆಯ ರೂಢಿಗಳೂ ಜೊತೆಗೇ ಬಂದವು, ನಿಜ. ಆದರೆ ಅಂಕ ಬೀಳುವುದು ಬಹುಪಾಲು ನಕ್ಷೆಗೆ. ಬಳಕೆಯ ಲೆಕ್ಕ ಕೇಳುವವರು ಕಡಿಮೆ. ಕಟ್ಟುವವರು ಬಿಲ್ಡರ್, ಕರೆಂಟ್ ಬಿಲ್ ಕಟ್ಟುವವರು ಬಾಡಿಗೆದಾರರು. ಹಾಗಿರುವಾಗ ಮೊದಲೇ ಹೆಚ್ಚು ಹಣ ಸುರಿಯುವ ದರ್ದು ಯಾರಿಗೆ?

ಹಸಿರು ದುಬಾರಿ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ, ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆಗಳನ್ನು ಬಳಕೆಗೆ ತಂದಿತು. ಅದಕ್ಕೆ ಗೂಡು ಬೇಡ, ಸೌದೆ ಬೇಡ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇಟ್ಟಿಗೆಗಳನ್ನು ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು; ಸುಮಾರು ಕಾಲುಭಾಗ ಇಟ್ಟಿಗೆ ಉಳಿಯಿತು, ಮನೆಯೂ ತಂಪಾಯಿತು. ಇವೆರಡೂ ಬಡವರ ಜೇಬಿಗೆ ಹೊಂದುವಂಥವೇ. ತೊಡಕಿರುವುದು ಕೈಗಳಲ್ಲಿ. ಮಣ್ಣಿನ ಹದ ನೋಡಬೇಕು, ಇಟ್ಟಿಗೆಗೆ ವಾರಗಟ್ಟಲೆ ನೀರುಣಿಸಬೇಕು, ಗಿಲಾವು ಮುಚ್ಚದ ಗೋಡೆಯ ಸಾಲು ನೇರ ಬರಬೇಕು. ಸಾಲಿಡ್ ಬ್ಲಾಕಿಗೆ ಒಗ್ಗಿದ ಮೇಸ್ತ್ರಿ ‘ಗ್ಯಾರಂಟಿ ಕೊಡಕ್ಕಾಗಲ್ಲ ಸಾರ್’ ಎಂದರೆ ಮನೆಯವರು ಹೆದರುತ್ತಾರೆ. ತರಬೇತಿಗೆ ಹಾಕದ ದುಡ್ಡು ಫಲಕಕ್ಕೆ ಹೋಗುತ್ತಿದೆ.

ನಿಜವಾಗಿ ಸುಟ್ಟ ವಿದ್ಯುತ್ತನ್ನು ಚದರ ಮೀಟರಿಗೆ ಲೆಕ್ಕ ಹಾಕಿ ನಕ್ಷತ್ರ ಕೊಡುವ ಪದ್ಧತಿ ಇಂಧನ ದಕ್ಷತೆಯ ಕೇಂದ್ರ ಬ್ಯೂರೋದಲ್ಲಿ 2009ರಿಂದಲೇ ಇದೆ. ಅದು ಐಚ್ಛಿಕ. ದೊಡ್ಡ ಕಚೇರಿಗಳಿಗಾದರೂ ಅದನ್ನು ಕಡ್ಡಾಯ ಮಾಡಲಿ, ಬಿಲ್ ನೋಡಿದ ಮೇಲೆಯೇ ಫಲಕ ಕೊಡಲಿ.