ಗುರುಪರಂಪರೆಯ ಅನುಕ್ರಮ ಮತ್ತು ಗಣಕದ ಜೋಡಣೆ: ಒಂದು ವಿಮರ್ಶೆ

ಹೊಸಪೇಟೆ ತಾಲ್ಲೂಕಿನ ಹಂಪಿಯ ಪರಿಸರದಲ್ಲಿ, ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಬಳಿ, ಜನರು ಗಾಣಗಿತ್ತಿ ಗುಡಿಯೆಂದು ಕರೆಯುವ ಕುಂಥುಜಿನನಾಥ ಚೈತ್ಯಾಲಯವಿದೆ. ಎರಡನೆಯ ಹರಿಹರನ ಕಾಲದಲ್ಲಿ ದಂಡನಾಯಕ ಇರುಗಪ್ಪನು ಇದನ್ನು ಕಟ್ಟಿಸಿದನು. ಇದರ ಮುಂದಿನ ದೀಪಸ್ತಂಭದಲ್ಲಿರುವ ಶಕ 1307ರ (ಕ್ರಿ.ಶ. 1385) ಸಂಸ್ಕೃತ ಶಾಸನವು ಮೂಲಸಂಘ ಬಲಾತ್ಕಾರಗಣದ ಗುರುಪರಂಪರೆಯನ್ನು ಪದ್ಮನಂದಿಗಳಿಂದ ಆರಂಭಿಸಿ ಹೇಳುತ್ತದೆ. ಧರ್ಮಭೂಷಣರೆಂಬ ಹೆಸರು ಅದರಲ್ಲಿ ವರ್ಧಮಾನರಿಗೆ ಮೊದಲೂ ಬರುತ್ತದೆ, ಅವರ ತರುವಾಯವೂ ಬರುತ್ತದೆ. 'ನ್ಯಾಯದೀಪಿಕೆ'ಯ ಕರ್ತೃಗಳಾದ ಧರ್ಮಭೂಷಣರು ವರ್ಧಮಾನರ ಶಿಷ್ಯರು. ಆದುದರಿಂದ ಅವರನ್ನು ಇಲ್ಲಿ ಗುರುತಿಸಲು ಆಧಾರವಾಗುವುದು ಹೆಸರಲ್ಲ, ಹೆಸರಿನ ಸ್ಥಾನ.

ಇಂತಹ ಶಾಸನಗಳ ಸೂಚಿಯನ್ನು ಇಂದು ಮಾಂಗೊಡಿಬಿಯಂತಹ ದತ್ತಕೋಶದಲ್ಲಿ ಇರಿಸಬಹುದಾಗಿದೆ. ಅಲ್ಲಿ ಒಂದು ಶಾಸನಕ್ಕೆ ಒಂದು ದಾಖಲೆ. ಅದರೊಳಗೆ ಗುರುನಾಮಗಳದೇ ಒಂದು ಪಟ್ಟಿ, ಅಂದರೆ 'ಅರೇ'. ಓಲೆಕಟ್ಟುಗಳನ್ನು ಕಪಾಟಿನಲ್ಲಿ ಜೋಡಿಸುವುದು ಬೇರೆ, ಕಟ್ಟನ್ನು ಬಿಚ್ಚಿ ಗರಿಗಳನ್ನು ಜೋಡಿಸುವುದು ಬೇರೆ. 'ಸಾರ್ಟ್' ಎಂಬ ಆಜ್ಞೆಯು ಮೊದಲನೆಯದನ್ನು ಮಾತ್ರ ಮಾಡುತ್ತದೆ. ಗುರುನಾಮದ ಏರುಕ್ರಮವನ್ನು ಕೇಳಿದರೆ, ಪಟ್ಟಿಯಲ್ಲಿ ಅಕಾರಾದಿಯಾಗಿ ಎಲ್ಲಕ್ಕೂ ಮೊದಲಾಗುವ ಹೆಸರನ್ನು ಹಿಡಿದು, ಈ ಶಾಸನಕ್ಕೆ ಪದ್ಮನಂದಿಗಳ ಬದಲು ಅಮರಕೀರ್ತಿಗಳ ಹೆಸರಿನಿಂದ ಸ್ಥಾನ ಕೊಡುತ್ತದೆ. ಒಳಪಟ್ಟಿ ಇದ್ದಂತೆಯೇ ಇರುತ್ತದೆ.

ಒಳಪಟ್ಟಿಯನ್ನೇ ಜೋಡಿಸಲು ಎರಡು ಮಾರ್ಗಗಳುಂಟು. 'ಅನ್‌ವೈಂಡ್'ನಿಂದ ಬಿಡಿಸಿ, ಜೋಡಿಸಿ, 'ಗ್ರೂಪ್'ನಿಂದ ಮರಳಿ ಕಟ್ಟುವುದು ಹಳೆಯದು. 2022ರಲ್ಲಿ ಬಂದ 5.2ನೆಯ ಆವೃತ್ತಿಯ 'ಸಾರ್ಟ್‌ಅರೇ' ಅದನ್ನು ಒಂದೇ ಹೆಜ್ಜೆಯಲ್ಲಿ ಮಾಡುತ್ತದೆ. ಸೌಕರ್ಯವು ಮೆಚ್ಚತಕ್ಕದ್ದೇ. ಆದರೆ ಅಕಾರಾದಿಯಾಗಿ ಜೋಡಿಸಿದೊಡನೆ ಧರ್ಮಭೂಷಣರೆಲ್ಲರೂ ಒಂದೆಡೆ ಸೇರಿ ವರ್ಧಮಾನರಿಗಿಂತ ಮೊದಲು ನಿಲ್ಲುತ್ತಾರೆ. ಶಿಷ್ಯರು ಗುರುವಿಗೆ ಪೂರ್ವಿಕರಾಗುತ್ತಾರೆ. ಮರಳಿ ಕಟ್ಟುವಾಗ 'ಆಡ್‌ಟುಸೆಟ್' ಬಳಸಿದರೆ ಇನ್ನೂ ಅನರ್ಥ: ಅದು ಪುನರುಕ್ತಿಯನ್ನು ಕಳೆಯುವುದರಿಂದ ಒಂದೇ ಹೆಸರಿನ ಭಿನ್ನ ಗುರುಗಳು ಒಬ್ಬರೇ ಆಗಿಬಿಡುತ್ತಾರೆ.

ಇದಕ್ಕಾಗಿ ಯಂತ್ರವನ್ನು ದೂಷಿಸುವುದು ನ್ಯಾಯವಲ್ಲ. ಅದು ಕೇಳಿದುದನ್ನು ಕೊಟ್ಟಿದೆ. ಸೂಚಿಕಾರರು ಪ್ರತಿಯೊಂದು ಹೆಸರಿನೊಡನೆ ಪರಂಪರೆಯಲ್ಲಿ ಅದರ ಕ್ರಮಾಂಕವನ್ನೂ ಶ್ಲೋಕಸಂಖ್ಯೆಯನ್ನೂ ದಾಖಲಿಸಬೇಕು. ಕ್ರಮಾಂಕವು ಸಂಖ್ಯೆಯಾಗಿಯೇ ಇರಬೇಕು; ಅಕ್ಷರರೂಪದಲ್ಲಿದ್ದರೆ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಅಕಾರಾದಿ ಜೋಡಣೆಯು ಹುಡುಕುವವರ ಅನುಕೂಲಕ್ಕಾಗಿ ಉತ್ತರದಲ್ಲಿ ಮಾತ್ರ ಇರಲಿ. ಮೂಲದಾಖಲೆಯ ಮೇಲೆ ಅದನ್ನು ಬರೆಯಕೂಡದು. ಗುರುಪರಂಪರೆಯಲ್ಲಿ ಅನುಕ್ರಮವೂ ಪಾಠದ ಅಂಗವೇ. ಪಾಠವನ್ನು ಬದಲಿಸುವ ಅಧಿಕಾರ ಸೂಚಿಕಾರನಿಗಿಲ್ಲ.