ಶಶವಿಷಾಣ: ಒಂದು ದೃಷ್ಟಾಂತದ ಪರಾಮರ್ಶೆ

ಅಸಂಭವವನ್ನು ಸೂಚಿಸಲು ನಮ್ಮ ಶಾಸ್ತ್ರಕಾರರೂ ಕವಿಗಳೂ ಬಳಸಿದ ದೃಷ್ಟಾಂತಗಳಲ್ಲಿ ಗಗನಕುಸುಮ, ವಂಧ್ಯಾಪುತ್ರ, ಶಶವಿಷಾಣಗಳು ಪ್ರಸಿದ್ಧವಾದುವು. ಇವುಗಳಲ್ಲಿ ಕಡೆಯದಕ್ಕೆ ಒಂದು ವಿಚಿತ್ರವಾದ ಗತಿ ಒದಗಿದೆ.

ಅಮೆರಿಕದ ಕಾಡುಮೊಲಗಳ ಮೈಮೇಲೆ ಕೊಂಬನ್ನು ಹೋಲುವ ಕರಿಯ ಗಂಟುಗಳು ಬೆಳೆಯುವುದುಂಟು. ರಿಚರ್ಡ್ ಷೋಪ್ ಎಂಬ ವಿಜ್ಞಾನಿಯು ಅವುಗಳನ್ನು ಅರೆದು, ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕದಲ್ಲಿ ಸೋಸಿ, ಆ ದ್ರವವನ್ನು ಬೇರೆ ಮೊಲಗಳ ಗೀರಿದ ಚರ್ಮಕ್ಕೆ ಲೇಪಿಸಿದನು. ಅಲ್ಲಿಯೂ ಅಂತಹ ಗಂಟುಗಳೇ ಎದ್ದುವು. ರೋಗಕಾರಣವು ವೈರಸ್ಸೆಂಬುದನ್ನು ಅವನು 1933ರಲ್ಲಿ ಪ್ರಕಟಿಸಿದನು. ಈ ಗಂಟುಗಳು ಅರ್ಬುದವಾಗಿ ಪರಿಣಮಿಸಬಲ್ಲುವೆಂಬುದನ್ನು 1935ರಲ್ಲಿ ರೌಸ್ ಮತ್ತು ಬಿಯರ್ಡ್ ಎಂಬವರು ತೋರಿಸಿದರು.

ಹಾಗಾದರೆ ದೃಷ್ಟಾಂತವು ಕೆಟ್ಟಿತೆ? ಕೆಟ್ಟಿತೆನ್ನುವವರು ಶಬ್ದಸಾಮ್ಯಕ್ಕೆ ಮರುಳಾದವರು. ದನದ ಕೊಂಬಿನೊಳಗೆ ಎಲುಬಿನ ತಿರುಳಿರುವುದು. ಮೊಲದ ಈ ಬೆಳವಣಿಗೆಯು ಚರ್ಮದ ವಿಕಾರ ಮಾತ್ರ. ಅದನ್ನು ಕೊಂಬೆನ್ನುವುದು ಉಪಚಾರದ ಮಾತು. ಮೊಲವೂ ಉಂಟು, ಕೊಂಬೂ ಉಂಟು. ತಾರ್ಕಿಕನು ಅಲ್ಲಗಳೆಯುವುದು ಅವೆರಡರ ಸಹಜವಾದ ಸಂಬಂಧವನ್ನು. ಆ ನಿಷೇಧಕ್ಕೆ ರೋಗದಿಂದ ಬಾಧೆಯಿಲ್ಲ.

ವಿಜ್ಞಾನದ ಬಲದಿಂದ ಕಾವ್ಯವನ್ನು ತಿದ್ದಹೊರಟವರು ವಿಜ್ಞಾನದ ಎಚ್ಚರವನ್ನೂ ಕಲಿಯಬೇಕು. ಬೆಕ್ಕಿನ ವಿಷಯವೇ ಇದಕ್ಕೆ ನಿದರ್ಶನ. ಅದರ ಚರ್ಮದ ಕೆಲವು ಅರ್ಬುದಗಳಲ್ಲಿ ಮೊಲದ ವೈರಸ್ಸಿನ ಕುಲಕ್ಕೇ ಸೇರಿದ ಪ್ಯಾಪಿಲೋಮಾ ವೈರಸ್ಸು ಕಂಡುಬರುವುದು. ಆದರೆ ನಿರೋಗಿಯಾದ ಬೆಕ್ಕಿನ ಚರ್ಮದಲ್ಲಿಯೂ ಅದು ದೊರೆಯುವುದುಂಟು. ಬಿಳಿಯ ಬೆಕ್ಕಿನ ಕಿವಿ ಮೂಗುಗಳಲ್ಲಿ ಏಳುವ ಅರ್ಬುದಕ್ಕೆ ಬಿಸಿಲು ಪ್ರಬಲವಾದ ಕಾರಣ. ಆದುದರಿಂದ ಸಾಹಚರ್ಯವನ್ನು ಕಂಡೊಡನೆ ಕಾರಣತ್ವವನ್ನು ಸಾರಲಾಗದು. ವೈರಸ್ಸು ಜೀವಕೋಶದೊಳಗೆ ತನ್ನ ಕಾರ್ಯವನ್ನು ನಡಸುತ್ತಿದೆಯೇ ಎಂಬುದನ್ನು ಪರೀಕ್ಷಿಸಬೇಕಾಗುವುದು. ವ್ಯಭಿಚಾರದೋಷವನ್ನು ಶೋಧಿಸುವ ನೈಯಾಯಿಕನ ಕ್ರಮಕ್ಕೂ ಇದಕ್ಕೂ ದೂರವಿಲ್ಲ.

ಇನ್ನು ಭರ್ತೃಹರಿಯ ನೀತಿಶತಕವನ್ನು ನೋಡಬಹುದು. ಅಲೆಯುವವನಿಗೆ ಮೊಲದ ಕೊಂಬು ಎಂದಾದರೂ ಸಿಕ್ಕೀತೆಂಬುದನ್ನು ಕವಿಯೇ ಒಪ್ಪಿಕೊಳ್ಳುವನು. ಹಟ ಹಿಡಿದ ಮೂರ್ಖನನ್ನು ಒಲಿಸುವುದು ಅದಕ್ಕಿಂತಲೂ ಕಷ್ಟವೆಂಬುದೇ ಅವನ ತಾತ್ಪರ್ಯ. ಕೊಂಬು ದೊರೆತರೆ ಪದ್ಯದ ಮೊನಚು ಕುಂದದು, ಹೆಚ್ಚುವುದು: ಮಿಗಿಲಾದ ಅಸಾಧ್ಯವೊಂದೇ ಆಗ ಉಳಿಯುವುದಷ್ಟೆ. ಈ ಪದ್ಯವನ್ನು ಪಾಠ ಹೇಳುವಾಗ ಷೋಪನ ಶೋಧನೆಯನ್ನು ಮರೆಮಾಡಬೇಕಾಗಿಲ್ಲ; ಅದನ್ನು ಹೇಳಿದರೇ ಪದ್ಯದ ಅರ್ಥವು ಚೆನ್ನಾಗಿ ತೆರೆಯುವುದು.